ವಾಲ್ಟ್‌ಗೆ ಕನ್ನಡದಲ್ಲಿ ಏನಂತೀರಿ? ಬರೀ ‘ಕಮಾನು’ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಕೊರಟಗೆರೆ ರಸ್ತೆಯ ಒಂದು ಗೇಟ್‌ನಲ್ಲಿ (ಮುಖ್ಯರಸ್ತೆಯಿಂದ ಹಳ್ಳಿಗೆ ತಿರುಗುವ ಜಾಗಕ್ಕೆ ನಮ್ಮ ಕಡೆ ಗೇಟ್ ಅಂತಲೇ ಅನ್ನೋದು) ಬಸ್ ತಂಗುದಾಣ ಹೇಗಿರಬೇಕು ಅಂತ ನಕ್ಷೆ ಮಾಡುತ್ತಿದ್ದೇನೆ. ಮಣ್ಣಿನ ಇಟ್ಟಿಗೆಯ ಬಾಗಿದ ಚಾವಣಿ, ಇಂಗ್ಲಿಷಿನಲ್ಲಿ ವಾಲ್ಟ್ ಅನ್ನೋದು ಇದಕ್ಕೇ. ತೊಲೆ ಇಲ್ಲ, ಚಾವಣಿಯಲ್ಲಿ ಕಂಬಿ ಇಲ್ಲ, ಏಪ್ರಿಲ್‌ನಲ್ಲಿ ಕಾದು ತಲೆ ಸುಡುವ ತಗಡಿನ ಶೀಟಂತೂ ಇಲ್ಲವೇ ಇಲ್ಲ. ಇದನ್ನು ಪಂಚಾಯಿತಿಯವರಿಗೂ ಗಾರೆ ಮೇಸ್ತ್ರಿಗೂ ತೋರಿಸಬೇಕಾಗಿರುವುದರಿಂದ ಹಾಳೆಯ ಮೇಲಿನ ಬರಹ ಪೂರ್ತಿ ಕನ್ನಡದಲ್ಲೇ ಇರಲಿ ಅಂತ ಹಟ ಹಿಡಿದಿದ್ದೇನೆ. ಅಲ್ಲೇ ಪದಗಳ ಗಲಾಟೆ ಶುರು.

‘ತಂಗುದಾಣ’ದಲ್ಲಿ ತಕರಾರಿಲ್ಲ. ತಂಗು ಅಂದರೆ ರಾತ್ರಿ ಉಳಿದುಕೊಳ್ಳುವುದಲ್ವಾ, ಬಸ್ಸಿಗೆ ಕಾಯುವುದಕ್ಕೆ ಅದು ಹೇಗೆ ಒಪ್ಪುತ್ತೆ ಅಂತ ಯಾರಾದರೂ ಕೇಳಬಹುದು. ಊರೂರಲ್ಲಿ ‘ಪ್ರಯಾಣಿಕರ ತಂಗುದಾಣ’ ಅಂತ ಬರೆಸಿ ಆಗಿದೆ, ಬಿಡಿ.

ಸಿಕ್ಕಿಕೊಂಡಿರುವುದು ವಾಲ್ಟ್‌ನಲ್ಲಿ. ಆರ್ಚ್‌ಗೆ ಕಮಾನು ಇದೆ, ಡೋಮ್‌ಗೆ ಗುಮ್ಮಟ ಇದೆ. ಒಂದು ಕಮಾನನ್ನು ಹಾಗೇ ಹಿಂದಕ್ಕೆ ಉದ್ದ ಎಳೆದುಕೊಂಡು ಹೋದರೆ ಆಗುವ ಚಾವಣಿಗೆ ಏನೂ ಇಲ್ಲ. ನನಗೆ ಅನ್ನಿಸುವ ಕಾರಣ ಇದು. ನಮ್ಮ ಹಳೆಯ ಗುಡಿಗಳೆಲ್ಲ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಇಟ್ಟು ಕಟ್ಟಿದವು. ಹಾಗಾಗಿ ಕಂಬ, ಬೋದಿಗೆ, ತೊಲೆ, ಜಂತೆ ಅಂತ ಆ ಕೆಲಸದ ಪದಗಳು ಬೇಕಾದಷ್ಟಿವೆ. ಕಮಾನು, ಗುಮ್ಮಟ ಎರಡೂ ಪಾರಸಿಯಿಂದ ಬಂದವು, ಸುಲ್ತಾನರ ಕಾಲದ ಕಟ್ಟಡಗಳ ಜೊತೆಗೇ ಬಂದವು. ನಮ್ಮ ಜಿಲ್ಲೆಯಲ್ಲೇ ನೋಡಬೇಕೆಂದರೆ ಶಿರಾದ ಜುಮ್ಮಾ ಮಸೀದಿ ಇದೆ, 1696ರದ್ದು, ಕಲ್ಲಿನದು. ಆದರೆ ಉದ್ದನೆಯ ಬಾಗು ಚಾವಣಿ ನಮ್ಮ ಮನೆಗಳಿಗೆ ಬರಲೇ ಇಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಬಂಡೆ ಸೀಳಿದರೆ ಚಪ್ಪಡಿ ಸಿಗುವಾಗ ಯಾರು ಇಟ್ಟಿಗೆ ಬಾಗಿಸುತ್ತಾ ಕೂರುತ್ತಾರೆ? ವಸ್ತು ಇಲ್ಲದ ಮೇಲೆ ಪದ ಎಲ್ಲಿಂದ ಬರಬೇಕು.

‘ಬಾಗುಚಾವಣಿ’ ಅಂತ ಗೆಳೆಯನೊಬ್ಬ ಹೇಳಿದ. ಕಲ್ಯಾಣ ಮಂಟಪದ ಮೇಲೆ ಬಗ್ಗಿಸಿ ಹಾಕಿರುವ ಶೀಟೂ ಬಾಗುಚಾವಣಿಯೇ ಆಗುತ್ತೆ, ಅದಕ್ಕೆ ಒಳಗೆ ಕಬ್ಬಿಣದ ಚೌಕಟ್ಟು ಬೇಕು. ನನ್ನದು ತಾನೇ ನಿಲ್ಲುವಂಥದ್ದು. ಮೇಸ್ತ್ರಿಗೆ ನಕ್ಷೆ ತೋರಿಸಿದಾಗ ಅವರು ಒಂದೇ ಏಟಿಗೆ “ಗಾಡಿ ಕಮಾನಿನ ಥರ ಅನ್ನಿ” ಅಂದರು. ಬಿದಿರಿನ ದಬ್ಬೆ ಬಗ್ಗಿಸಿ, ಮೇಲೆ ಚಾಪೆ ಹೊದಿಸಿದ ಎತ್ತಿನ ಗಾಡಿ. ಆಕಾರ ಸರಿಯಾಗಿ ಅದೇ! ಅದಕ್ಕೇ ‘ಗಾಡಿಗಮಾನು’ ಅಂತ ಬರೆಯಲು ಮನಸ್ಸಾಗಿದೆ. ಆದರೆ ಕಮಾನು ಗಾಡಿ ನೋಡದ ಹುಡುಗರಿಗೆ ಇದು ಏನು ಹೇಳುತ್ತೆ ಅನ್ನುವುದೂ ಇದೆ. ‘ಕಮಾನು ಚಾವಣಿ’ ಅಂದರೆ ಸಪ್ಪೆ, ಅರ್ಥವಾಗುವುದಂತೂ ಹೌದು. ನಿಮ್ಮ ಓಟು ಯಾವುದಕ್ಕೆ?

ಎರಡನೆಯದು ಕೆಟಿನರಿ. ಸರಪಳಿಯ ಎರಡೂ ತುದಿ ಹಿಡಿದು ಸುಮ್ನೆ ಇಳಿಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಒಂದು ಬಾಗು ತೆಗೆದುಕೊಳ್ಳುತ್ತದೆ. ಅದನ್ನು ತಲೆಕೆಳಗು ಮಾಡಿದರೆ ಗಟ್ಟಿ ಕಮಾನಿನ ಆಕಾರ ಸಿಗುತ್ತದೆ ಅಂತ 1675ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೇಳಿದ್ದ, ಅದೂ ಅಕ್ಷರಗಳನ್ನು ಕಲಸಿ ಒಗಟಿನ ಹಾಗೆ. ಸರಪಳಿಯಲ್ಲಿ ಇರುವುದು ಬರೀ ಎಳೆತ, ತಿರುಗಿಸಿದಾಗ ಬರೀ ಒತ್ತು. ಮಣ್ಣಿನ ಇಟ್ಟಿಗೆ ಒತ್ತು ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ, ಅದಕ್ಕೇ ಈ ಬಾಗು ನಮಗೆ ಬೇಕು. ಅರ್ಧ ವೃತ್ತ ಇದಲ್ಲ, ಪ್ಯಾರಾಬೋಲವೂ (ಎಸೆದ ಕಲ್ಲು ಹೋಗುವ ದಾರಿಯ ಬಾಗು) ಅಲ್ಲ. ನಾನು ‘ತೂಗುಗೆರೆ’ ಅಂತ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಚೆನ್ನಾಗಿರುವುದು ಇದ್ದರೆ ಹೇಳಿ, ‘ವಕ್ರ’ ಸೇರಿಸಿ ಮಾತ್ರ ಬೇಡ. ವಕ್ರ, ಡೊಂಕು ಅಂದರೆ ಪಂಚಾಯಿತಿ ಸಭೆಯಲ್ಲಿ “ಯಾಕಪ್ಪಾ, ನೆಟ್ಟಗೆ ಕಟ್ಟೋಕಾಗಲ್ವಾ” ಅಂತಾರೆ.

ಕಮಾನಿನ ಬುಡ ಹೊರಕ್ಕೆ ತಳ್ಳುತ್ತದಲ್ಲ, ಥ್ರಸ್ಟ್, ಅದಕ್ಕೆ ‘ಪಾರ್ಶ್ವ ನೂಕುಬಲ’ ಅಂತ ಬರೆಯಬಹುದು ಅಂದುಕೊಂಡಿದ್ದೆ. ಮೇಸ್ತ್ರಿ “ಬುಡ ಒದೆಯುತ್ತೆ, ಪಕ್ಕಕ್ಕೆ ಭಾರ ಕೊಡಿ” ಅಂದರು. ಇನ್ನು ಚರ್ಚೆ ಏನಿದೆ, ‘ಒದೆತ’ ಅಂತಲೇ ಬರೆದೆ. ಆ ಪಕ್ಕದ ಭಾರವೇ ಕೂರುವ ಕಲ್ಲುಕಟ್ಟೆ ಆಗುತ್ತದೆ, ಬೇರೆ ಬೆಂಚು ಬೇಕಾಗಿಲ್ಲ.

ಇಟ್ಟಿಗೆಯ ಹೆಸರೂ ತೊಡಕೇ. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರು ಹಾಕಿ ಹದಗೊಳಿಸುವುದು. ಗೂಡಿನಲ್ಲಿ ಸುಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ‘ಹಸಿ ಇಟ್ಟಿಗೆ’ ಅಂದರೆ ಮಳೆಗೆ ಕರಗುತ್ತೆ ಅಂತ ಜನ ಹೆದರುತ್ತಾರೆ. ‘ಒತ್ತಿಟ್ಟಿಗೆ’ ಅಂದರೆ ‘ಅದು ಒತ್ತಟ್ಟಿಗಿರಲಿ’ ಅನ್ನೋದೇ ಕಿವಿಗೆ ಬೀಳುತ್ತೆ! ಸದ್ಯಕ್ಕೆ ‘ಒತ್ತಿದ ಮಣ್ಣಿನ ಇಟ್ಟಿಗೆ’ ಅಂತ ಉದ್ದಕ್ಕೇ ಬರೆದಿದ್ದೇನೆ.

ಸಸ್ಟೇನಬಲ್‌ಗೆ ಬಳಸುವ ‘ಸುಸ್ಥಿರ’ ನನಗೆ ಒಪ್ಪಿಗೆಯಾಗುತ್ತಿಲ್ಲ. ಓದಿದವರಿಗೆ ಸರಿ. ಉಳಿದವರು ಅದನ್ನು ‘ಗಟ್ಟಿಮುಟ್ಟು’ ಅಂತಷ್ಟೇ ತಿಳಿಯುತ್ತಾರೆ, ಹಾಗೆ ನೋಡಿದರೆ ಕಾಂಕ್ರೀಟೇ ಜಾಸ್ತಿ ಸುಸ್ಥಿರ. ‘ಬಾಳಿಕೆಯ’ ಅಂದರೂ ಅರ್ಧ ಅರ್ಥ ಮಾತ್ರ. ಅಲ್ಲಿನ ಮಣ್ಣು, ಕಡಿಮೆ ಸಿಮೆಂಟ್, ಕೆಟ್ಟರೆ ಊರಿನವರೇ ರಿಪೇರಿ ಮಾಡಬಹುದು, ಇದೆಲ್ಲ ಒಂದು ಪದದಲ್ಲಿ ಬರಬೇಕು. ಬರದಿದ್ದರೆ ಆ ಪದವನ್ನೇ ಬಿಟ್ಟು ಈ ಮೂರು ಮಾತನ್ನು ಹಾಗೇ ಬರೆಯುತ್ತೇನೆ.

ಕೊನೆಯದಾಗಿ, ಮೇದರ ಕಸುಬು ಗೊತ್ತಿರುವವರು ಯಾರಾದರೂ ಇದ್ದೀರಾ? ಗಾಡಿಗೆ ಕಮಾನು ಕಟ್ಟುವಾಗ ಅಡ್ಡ ಬಾಗುವ ದಬ್ಬೆಗೂ ಉದ್ದಕ್ಕೆ ಹೋಗುವ ದಬ್ಬೆಗೂ ಬೇರೆ ಬೇರೆ ಹೆಸರಿತ್ತಾ? ಇದ್ದರೆ ತಿಳಿಸಿ, ಇಟ್ಟಿಗೆಯ ಸಾಲುಗಳಿಗೆ ಅವೇ ಹೆಸರು ಇಡೋಣ ಅಂತ ಇದ್ದೇನೆ.