ಆರ್ಮ್ ಲ್ಯಾಪ್‌ಟಾಪನ್ನು ಸಾಮಾನ್ಯ ಜನ ಕೊಳ್ಳುತ್ತಾರಾ?

ಪ್ರಶ್ನೆ: ಆರ್ಮ್ ಚಿಪ್ (ಮೊಬೈಲ್‌ಗಳಲ್ಲಿ ಇರುವ ಬಗೆಯದು, ಇಂಟೆಲ್ ಚಿಪ್‌ಗೆ ಬರೆದ ಪ್ರೋಗ್ರಾಮ್ ಇದರಲ್ಲಿ ನೇರವಾಗಿ ಓಡುವುದಿಲ್ಲ) ಇರುವ ವಿಂಡೋಸ್ ಲ್ಯಾಪ್‌ಟಾಪ್ ಈಗ ಜಾಸ್ತಿ ಬರುತ್ತಿವೆ. ಬರೀ ಮೇಲ್, ಬ್ರೌಸರ್, ಪ್ರಿಂಟರ್ ಸಾಕು ಅನ್ನುವವರು ಯಾಕೆ ಬದಲಾಯಿಸಬೇಕು?

ಉತ್ತರ 1: ಚಿಪ್ ಯಾವುದು ಅಂತ ಯಾರೂ ಕೇಳುವುದಿಲ್ಲ, ಹಳೇ ಪ್ರೋಗ್ರಾಮ್ ಓಡಬೇಕು ಅಷ್ಟೇ. ಆರ್ಮ್ ಚಿಪ್‌ಗೆಂದೇ ಮಾಡಿದ 2012ರ ವಿಂಡೋಸ್ ಆರ್‌ಟಿ ನೋಡಲು ಥೇಟ್ ವಿಂಡೋಸೇ, ಆದರೆ ಹಳೇ ಸಾಫ್ಟ್‌ವೇರ್ ಹಾಕಲು ಆಗುತ್ತಿರಲಿಲ್ಲ. ಮರುವರ್ಷ ಮೈಕ್ರೋಸಾಫ್ಟ್, ಅದೇ ವಿಂಡೋಸ್ ಇದ್ದ ತನ್ನ ಟ್ಯಾಬ್ಲೆಟ್ ಸರ್ಫೇಸ್ ಆರ್‌ಟಿ ಲೆಕ್ಕದಲ್ಲಿ 90 ಕೋಟಿ ಡಾಲರ್ ನಷ್ಟ ತೋರಿಸಿತು.

ಉತ್ತರ 2: ಆಪಲ್ 2020ರಲ್ಲಿ ಮ್ಯಾಕ್‌ಗೆ ತನ್ನದೇ ಆರ್ಮ್ ಚಿಪ್ ಎಂ1 ತಂದಾಗ, ಅದರ ಜೊತೆಗೇ ಇಂಟೆಲ್‌ಗೆ ಬರೆದ ಪ್ರೋಗ್ರಾಮ್ ಓಡಿಸುವ ರೊಸೆಟ್ಟಾ 2 ಸಾಫ್ಟ್‌ವೇರ್ ಕೊಟ್ಟಿತು, ಹಳೆಯ ಪ್ರೋಗ್ರಾಮ್‌ಗಳಲ್ಲಿ ಹೆಚ್ಚಿನವು ಹಾಗೇ ಓಡಿದವು. ಆಮೇಲೆ ಇಂಟೆಲ್ ಮ್ಯಾಕ್ ಮಾರುವುದನ್ನೇ ನಿಲ್ಲಿಸಿತು, ಕೊಳ್ಳುವವರಿಗೆ ಬೇರೆ ದಾರಿ ಎಲ್ಲಿತ್ತು ಬಿಡಿ! ವಿಂಡೋಸ್‌ನಲ್ಲಿ ಹಾಗಲ್ಲ, ಪಕ್ಕದಲ್ಲೇ ಇಂಟೆಲ್ ಲ್ಯಾಪ್‌ಟಾಪ್ ಇರುತ್ತದೆ ಅಲ್ವಾ?

ಉತ್ತರ 3: ವಿಂಡೋಸ್ 11ರಲ್ಲೂ ಎಮ್ಯುಲೇಶನ್, ಅಂದರೆ ಇಂಟೆಲ್‌ಗೆ ಬರೆದ ಪ್ರೋಗ್ರಾಮನ್ನು ಆರ್ಮ್‌ನಲ್ಲಿ ಓಡಿಸುವ ವ್ಯವಸ್ಥೆ ಇದೆ. ಆದರೆ ಪ್ರಿಂಟರ್‌ನಂಥ ಸಾಧನ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ಗೆ ಅದು ನಡೆಯುವುದಿಲ್ಲ, ಆರ್ಮ್‌ಗೇ ಬರೆದಿರಬೇಕು. ಹಳೇ ಪ್ರಿಂಟರ್ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ.