ಮಾಣಿಗೆ ನೂಲು ಕಟ್ಟಿಸ್ಲಿಕ್ಕೆ ಹೋಗ್ಬೇಡಿ

ಹಲೋ, ನೀರ್ಚಾಲಿನ ಕೂಸೇ, ನಾನು ದೊಡ್ಡಮ್ಮ ಮಾತಾಡುವುದು. ಟೈಪ್ ಮಾಡ್ಲಿಕ್ಕೆ ಕಣ್ಣು ಹಿಡಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸ್ತೇನೆ. ಉದ್ದ ಆಗ್ತದೆ. ಆದ್ರೂ ಪೂರ್ತಿ ಕೇಳು, ಅರ್ಧದಲ್ಲಿ ಬಿಡ್ಬೇಡ.

ನೀನು ಬೆಳಿಗ್ಗೆ ನಮ್ಮ ಕುಟುಂಬದ ಗ್ರೂಪಿನಲ್ಲಿ ಹಾಕಿದ್ದನ್ನು ಮೊಮ್ಮಗಳು ಓದಿ ಹೇಳಿದಳು. ಮಾಣಿಗೆ ಮಂಗಳೂರಿನ ಹಾಸ್ಟೆಲಿನಲ್ಲಿ ಬೆಳಗಿನ ಜಾವಕ್ಕೆ ಎಚ್ಚರ ಆಗ್ತದೆ, ಕಣ್ಣು ಬಿಟ್ಟಿರ್ತಾನೆ, ಕೈಕಾಲು ಅಲ್ಲಾಡುವುದಿಲ್ಲ. ಬೊಬ್ಬೆ ಹಾಕುವ ಅಂದ್ರೆ ಸ್ವರ ಬರುವುದಿಲ್ಲ. ಎದೆ ಮೇಲೆ ಯಾರೋ ಕೂತಿದ್ದಾರೆ, ಬಾಗಿಲ ಹತ್ತಿರ ಕಪ್ಪಗೆ ಒಬ್ಬ ನಿಂತಿದ್ದಾನೆ. ಇಷ್ಟು ಹೇಳಿ "ಏನಾದ್ರೂ ಸೋಕಿದ್ದಾ, ಜೋಯಿಸರ ಹತ್ತಿರ ಪ್ರಶ್ನೆ ಇಡಿಸ್ಬೇಕಾ" ಅಂತ ನೀನು ಕೇಳಿದ್ದು. ಅದರ ಕೆಳಗೆ ಮುಳ್ಳೇರಿಯದ ಅತ್ತಿಗೆ, ಮಂತ್ರಿಸಿದ ನೂಲು ಕಟ್ಟುವ ಒಬ್ಬ ಮಂತ್ರವಾದಿಯ ಊರು, ಬಸ್ಸು ಎಲ್ಲ ಹೇಳಿ ಆಗಿದೆ. ಅತ್ತಿಗೆ ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತುಂಟು. ಆದರೆ ಬೇಡ ಕೂಸೇ. ಇದು ನಿದ್ದೆಯ ಒಂದು ತೊಂದರೆ ಅಷ್ಟೆ, ಸ್ಲೀಪ್ ಪ್ಯಾರಾಲಿಸಿಸ್ ಅಂತ ಹೆಸರು. ಮಾಣಿಯನ್ನು ಅಲ್ಲಿಗೆ ಕರ್ಕೊಂಡು ಹೋಗ್ಬೇಡ. ಅವನ ಎದುರು ಸೋಕಿದೆ, ಹಿಡಿದಿದೆ ಎಂಬ ಮಾತನ್ನೇ ಎತ್ತಬೇಡ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೇನೆ ಅಂದ್ರೆ, ನಮ್ಮ ಉಪ್ಪರಿಗೆಯ ತೆಂಕು ಕೋಣೆ ನಿಮಗೆಲ್ಲ ಗೊತ್ತುಂಟಲ್ಲ. ಆ ಕೋಣೆಯ ಕಥೆ ನೀವೆಲ್ಲ ಅರ್ಧ ಕೇಳಿದ್ದೀರಿ. ಬಾಕಿ ಅರ್ಧ ನನ್ನ ಹತ್ತಿರ ಉಂಟು.

1979ನೇ ಇಸವಿ. ದೊಡ್ಡ ಮಗಳನ್ನು ಹೆತ್ತು, ಬಾಣಂತನ ಮುಗಿಸಿ ತವರಿನಿಂದ ಬಂದಿದ್ದೆ ಅಷ್ಟೆ. ಅಡಿಕೆ ಕೊಯ್ಲಿನ ಸಮಯ. ಆಳುಗಳಿಗೆ ಬೆಳಿಗ್ಗೆಯಿಂದ ಅಡಿಗೆ, ಅತ್ತೆಗೆ ಮೈ ಹುಷಾರಿಲ್ಲದೆ ಹಾಸಿಗೆ ಹಿಡಿದಿದ್ದರು, ರಾತ್ರಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸ್ಬೇಕು, ನೀರು ಕೊಡ್ಬೇಕು. ಮೇಲೆ ಬಂದ್ರೆ ಮಗು ಏಳ್ತದೆ. ಒಂದು ಗಂಟೆ ನಿದ್ದೆ, ಮತ್ತೆ ಎದ್ದೇಳು, ಮತ್ತೆ ಅರ್ಧ ಗಂಟೆ. ಹಾಗೆ ಎಷ್ಟೋ ದಿನ ಹೋಯ್ತು. ಮಗು ಬದಿಯಲ್ಲಿ ಇರುವುದರಿಂದ ನಾನು ಅಂಗಾತ ಮಲಗುವುದೇ ರೂಢಿ.

ಒಂದು ದಿನ ಕೋಳಿ ಕೂಗುವ ಮೊದಲು ಎಚ್ಚರ ಆಯ್ತು. ಮಾಡು ಕಾಣ್ತದೆ, ಕಿಟಕಿ ಕಾಣ್ತದೆ. ಮಗು ಪಕ್ಕದಲ್ಲಿ ಅಳ್ತಾ ಉಂಟು, ನನಗೆ ಕೇಳ್ತದೆ, ಕೈ ಎತ್ತಿ ಮುಟ್ಲಿಕ್ಕೆ ಆಗುವುದಿಲ್ಲ. ಏಣಿಮೆಟ್ಟಿಲಲ್ಲಿ ಕಾಲಿನ ಶಬ್ದ. ಬಾಗಿಲಲ್ಲಿ ಒಂದು ಆಕೃತಿ. ಅದು ಬಂದು ಎದೆ ಮೇಲೆ ಕೂತಿತು, ಉಸಿರು ನಿಂತೇ ಹೋಯ್ತು ಅಂತ ಆಯ್ತು. ಮನಸ್ಸಿನಲ್ಲಿ ದೇವರ ಹೆಸರು ಹೇಳ್ತಾ ಇದ್ದೇನೆ, ನಾಲಗೆ ತಿರುಗುವುದಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕನೆ ಕೈಕಾಲು ಬಿಟ್ಟಿತು, ಎದ್ದು ಕೂತೆ, ಕೋಣೆಯಲ್ಲಿ ಯಾರೂ ಇಲ್ಲ. ಮಾಣಿ ಹೇಳುವುದೂ ಇದನ್ನೇ ಅಲ್ವಾ? ಅವನು ಸುಳ್ಳು ಹೇಳ್ತಾ ಇಲ್ಲ, ಕನಸು ಕಂಡು ಬಡಬಡಿಸುವುದೂ ಅಲ್ಲ. ಅವನಿಗೆ ಆದದ್ದು ಆದದ್ದೇ.

ಈಗ ಮುಖ್ಯ ಸಂಗತಿ ಕೇಳು. ಮೊದಲ ಸಲ ಆ ಆಕೃತಿಗೆ ಮುಖವೇ ಇರ್ಲಿಲ್ಲ. ಗಂಡೋ ಹೆಣ್ಣೋ ಅಂತಲೂ ಗೊತ್ತಿಲ್ಲ. ಬೆಳಿಗ್ಗೆ ಅಡಿಗೆಮನೆಯಲ್ಲಿ ಅತ್ತುಕೊಂಡು ಹೇಳಿದೆ. ಮನೆಯ ಹಿರಿಯರೊಬ್ಬರು, ಹೆಸರು ಬೇಡ, ಈಗ ಇಲ್ಲ ಅವರು, "ತಲೆಕೂದಲು ಬಿಚ್ಚಿ ಹಾಕಿತ್ತಾ?" ಅಂತ ಕೇಳಿದರು. ದೊಡ್ಡ ಭಾವನ ಮೊದಲ ಹೆಂಡತಿ ಅದೇ ಕೋಣೆಯಲ್ಲಿ ಬಾಣಂತಿಯಾಗಿದ್ದಾಗ ತೀರಿಹೋದವರು. ಅವರ ಕುಲೆ, ಅಂದ್ರೆ ಪ್ರೇತ, ಅಂತ ಅಲ್ಲೇ ತೀರ್ಮಾನ ಆಯ್ತು. ಆ ಮಾತು ಕಿವಿಗೆ ಬಿದ್ದ ಮೇಲೆ, ಮುಂದಿನ ಸಲ ಬಂದದ್ದಕ್ಕೆ ಬಿಚ್ಚಿದ ಕೂದಲಿತ್ತು. ಅದರ ಮುಂದಿನ ಸಲ ಚಾವಡಿಯ ಫೋಟೋದಲ್ಲಿದ್ದ ಅಕ್ಕನ ಮುಖವೇ ಬಂತು. ಬಾಳಿ ಬದುಕಬೇಕಾಗಿದ್ದ ಪಾಪದ ಹೆಂಗಸು ಅವರು, ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲವಂತೆ. ಅವರನ್ನು ಎದೆ ಮೇಲೆ ಕೂರಿಸಿದ್ದು ಮನೆಯವರ ಮಾತು. ಅದಕ್ಕೇ ನಿನಗೆ ಹೇಳುವುದು, ಮಾಣಿಯ ತಲೆಗೆ ಯಾರ ಮುಖವನ್ನೂ ಹಾಕಬೇಡ.

ಆಮೇಲೆ ಪ್ರಶ್ನೆ ಇಟ್ಟದ್ದು, ಮಂತ್ರವಾದಿ ಬಂದದ್ದು. ಅವನು ಹೇಳಿದ್ದೇನು, ಇವಳು ರಾತ್ರಿ ಮಲಗ್ಲಿಕ್ಕೇ ಇಲ್ಲ, ಮಲಗಿದ್ರೆ ಅದು ಬರ್ತದೆ. ಹಾಗಾಗಿ ಚಾವಡಿಯಲ್ಲಿ ದೀಪದ ಎದುರು ಕೂರಿಸಿ ನಿದ್ದೆ ಮಾಡ್ಲಿಕ್ಕೆ ಬಿಡದೆ ಎಬ್ಬಿಸಿ ಇಟ್ಟರು. ತೂಕಡಿಸಿದ್ರೆ ಮುಖಕ್ಕೆ ನೀರು. ಒಣಮೆಣಸಿನ ಹೊಗೆ ಹಾಕಿದರು. ಬೆತ್ತದಲ್ಲಿ ಅಂಗೈಗೆ ಹೊಡೆದು "ಯಾರು ನೀನು ಹೇಳು" ಅಂತ ಕೇಳಿದರು. ಊಟ ಇಲ್ಲ. ನನ್ನ ಎದೆಹಾಲು ಬತ್ತಿ ಹೋಯ್ತು, ಮಗುವಿಗೆ ದನದ ಹಾಲಿಗೆ ನೀರು ಬೆರೆಸಿ ಕೊಡಬೇಕಾಯ್ತು. ಅಷ್ಟಾದ ಮೇಲೆ ಮಲಗಿದ್ರೆ ಏನಾಯ್ತು? ಒಂದೇ ರಾತ್ರಿ ಎರಡು ಸಲ ಬಂತು. ನಿದ್ದೆ ಕೆಟ್ಟಷ್ಟೂ ಅದು ಜಾಸ್ತಿ, ಹೆದರಿದಷ್ಟೂ ನಿದ್ದೆ ಇಲ್ಲ.

ನಾನು ದೈವ ದೇವರನ್ನು ಬಿಟ್ಟವಳು ಅಂತ ಯಾರೂ ತಿಳ್ಕೊಳ್ಬೇಡಿ. ದೈವಕ್ಕೆ ತಂಬಿಲದ ಸೇವೆ, ನಾಗನಿಗೆ ಹಾಲೆರೆಯುವುದು ಒಂದನ್ನೂ ತಪ್ಪಿಸಿದವಳಲ್ಲ. ದೈವ ಇರುವುದು ಮನೆ ಕಾಯ್ಲಿಕ್ಕೆ, ಬಾಣಂತಿಯ ಎದೆ ಮೇಲೆ ಕೂರ್ಲಿಕ್ಕೆ ಅಲ್ಲ.

ಶಿವರಾತ್ರಿಗೆ ಅಂತ ಬಂದ ನನ್ನ ಚಿಕ್ಕಪ್ಪ ನನ್ನನ್ನು ನೋಡಿ ಚಾವಡಿಯಲ್ಲಿ ಕೂರಲೂ ಇಲ್ಲ. "ಮಗುವನ್ನು ಎತ್ಕೋ, ಹೊರಡು" ಅಂದರು. ಬಸ್ಸಿನಲ್ಲಿ ಮಂಗಳೂರಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಆ ಡಾಕ್ಟರು ಭೂತ ಪ್ರೇತ ಒಂದನ್ನೂ ಕೇಳ್ಲಿಲ್ಲ. ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯಮ್ಮಾ, ಎಷ್ಟು ಸಲ ಏಳ್ತೀ, ಹೇಗೆ ಮಲಗ್ತೀ? ಅಷ್ಟೇ. ಆಮೇಲೆ ವಿವರಿಸಿದರು. ನಾವು ಕನಸು ಕಾಣುವ ನಿದ್ದೆಯಲ್ಲಿ ಮೆದುಳೇ ಕೈಕಾಲಿನ ಬಲವನ್ನು ತಡೆದು ಇಡ್ತದೆ, ಇಲ್ಲದಿದ್ರೆ ಕನಸಿನಲ್ಲಿ ಓಡಿದ್ರೆ ನಿಜವಾಗಿ ಎದ್ದು ಓಡ್ತೇವೆ. ಕೆಲವು ಸಲ ಬುದ್ಧಿಗೆ ಮೊದಲು ಎಚ್ಚರ ಆಗ್ತದೆ, ಆ ತಡೆ ಇನ್ನೂ ಬಿಟ್ಟಿರುವುದಿಲ್ಲ. ಮನೆಯವರೆಲ್ಲ ಎದ್ದಾಗಿದೆ, ಚಾವಡಿ ಬಾಗಿಲಿನ ಚಿಲಕ ಮಾತ್ರ ತೆಗೆದಿಲ್ಲ, ಹಾಗೆ. ಕನಸೂ ಪೂರ್ತಿ ಮುಗಿದಿರುವುದಿಲ್ಲ, ಅದು ಬಿಟ್ಟ ಕಣ್ಣಿನ ಎದುರೇ ಕೋಣೆಯೊಳಗೆ ನಡೀತದೆ.

ನರ್ಸಿಂಗ್ ಓದುವ ಮೊಮ್ಮಗಳು ಈಗ ಇನ್ನೂ ಬಿಡಿಸಿ ಹೇಳ್ತಾಳೆ. ಕನಸಿನ ನಿದ್ದೆಗೆ ರೆಮ್ ನಿದ್ದೆ ಅಂತ ಹೆಸರಂತೆ. ಸುಮಾರು 90 ನಿಮಿಷಕ್ಕೊಂದು ಸುತ್ತು ಬರ್ತದೆ, ಬೆಳಗಿನ ಜಾವಕ್ಕೆ ಉದ್ದ ಆಗ್ತದೆ. ಮಾಣಿಗೆ ಆ ಹೊತ್ತಿಗೇ ಆಗುವುದು ಅದಕ್ಕೆ. ಉಸಿರು ನಿಂತ ಹಾಗೆ ಅನ್ನಿಸಿದ್ರೂ ನಿಲ್ಲುವುದಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ಅದರ ಪಾಡಿಗೆ ಕೆಲಸ ಮಾಡ್ತಾ ಇರ್ತದೆ. ಪಕ್ಕೆಲುಬಿನ ಸ್ನಾಯು ಸಡಿಲ ಬಿಟ್ಟಿರುವುದರಿಂದ, ನಾವು ಬೇಕು ಅಂತ ಉದ್ದ ಉಸಿರು ಎಳೀಲಿಕ್ಕೆ ಹೋದ್ರೆ ಆಗುವುದಿಲ್ಲ, ಅದೇ ಭಾರ ಅಂತ ಕಾಣುವುದು. ಜೀವಮಾನದಲ್ಲಿ ಒಮ್ಮೆಯಾದ್ರೂ ಇದು ಆಗುವವರು ನೂರರಲ್ಲಿ ಸುಮಾರು 8 ಮಂದಿ, ಓದುವ ಮಕ್ಕಳಲ್ಲಾದ್ರೆ ಸುಮಾರು 28 ಮಂದಿಯಂತೆ. ಅಂದ್ರೆ ಆ ಹಾಸ್ಟೆಲಿನಲ್ಲಿ ನಮ್ಮ ಮಾಣಿ ಒಬ್ಬನೇ ಇರ್ಲಿಕ್ಕಿಲ್ಲ, ಬೇರೆಯವರು ನಾಚಿಕೆಯಿಂದ ಬಾಯಿ ಬಿಟ್ಟಿರುವುದಿಲ್ಲ.

ತವರಿನಲ್ಲಿ ಅಮ್ಮ ರಾತ್ರಿ ಮಗುವನ್ನು ತನ್ನ ಹತ್ತಿರ ಮಲಗಿಸಿಕೊಂಡರು. ನಾನು ಹೊಟ್ಟೆ ತುಂಬ ಉಂಡು ಮಲಗಿದೆ. ಅಷ್ಟಕ್ಕೇ ಕಡಿಮೆ ಆಯ್ತು. ಆಮೇಲೆಯೂ ನಿದ್ದೆಗೆಟ್ಟಾಗ ಅಪರೂಪಕ್ಕೆ ಬಂದದ್ದುಂಟು, ಆದರೆ ಏನು ಅಂತ ಗೊತ್ತಿದ್ದದ್ದರಿಂದ ಬಂದ ಹಾಗೇ ಹೋಯ್ತು. ಇನ್ನೊಮ್ಮೆ ಹೇಳ್ತೇನೆ ಕೂಸೇ, ನೂಲು ಕಟ್ಟಿಸ್ಲಿಕ್ಕೆ ಕರ್ಕೊಂಡು ಹೋಗ್ಬೇಡ. ನೂಲಿನಿಂದ ಕೈಗೆ ಏನೂ ಆಗ್ಲಿಕ್ಕಿಲ್ಲ. "ನನ್ನಲ್ಲಿ ಏನೋ ಉಂಟು" ಅಂತ ಮಾಣಿಯ ಮನಸ್ಸಿಗೆ ಆಗ್ತದಲ್ಲ, ಅದನ್ನು ಬಿಚ್ಚಿ ತೆಗೀಲಿಕ್ಕೆ ವರ್ಷಗಳು ಬೇಕು.

ನನ್ನ ಹೆಸರಿಗೆ ಅದು ಅಂಟಿದ್ದು ಹೋಗ್ಲೇ ಇಲ್ಲ. ಯಾರ ಮನೆಯ ಮದುವೆಯಲ್ಲೂ ಕಳಶ ಹಿಡೀಲಿಕ್ಕೆ ನನ್ನನ್ನು ಕರೀಲಿಲ್ಲ, "ಅವಳಿಗೆ ಆ ಉಪದ್ರ ಇತ್ತಲ್ಲ" ಅಂತ. ನನ್ನ ಮಗಳ ಜಾತಕ ಹೋದಲ್ಲೆಲ್ಲ ಈ ಮಾತು ಮೊದಲೇ ಹೋಗಿ ಕೂತಿರ್ತಿತ್ತು. ಪಾಲು ಆಗುವಾಗಲೂ ಅಷ್ಟೆ. ಹೊಳೆಬದಿಯ ಒಳ್ಳೆ ತೋಟ, ನೀರಿರುವ ಜಾಗ ಎಲ್ಲ ಬೇರೆಯವರಿಗೆ, "ಕುಲೆ ಇರುವ ಮನೆಯಲ್ಲಿ ನಾವು ಹೇಗೆ ಇರುವುದು" ಅಂತ ಹೇಳಿ ಆ ಸೋರುವ ಮಾಡಿನ ಹಳೇ ಮನೆಯನ್ನು ನಮ್ಮ ತಲೆಗೆ ಕಟ್ಟಿದರು. ಇವರು, ನನ್ನ ಯಜಮಾನರು, ಒಂದು ಮಾತೂ ಎದುರು ಆಡ್ಲಿಲ್ಲ. ಬೇಸಗೆಯಲ್ಲಿ ಕೊಡಪಾನ ಹಿಡ್ಕೊಂಡು ನೀರು ಹೊತ್ತದ್ದು ನಾನು. ಈಗ ಅದೇ ತೋಟದ ಅಡಿಕೆ ರೇಟು ಎಷ್ಟಾಯ್ತು ಅಂತ ಈ ಗ್ರೂಪಿನಲ್ಲೇ ಹಾಕ್ತಾರೆ, ನಾನು ಓದಿಸಿ ಕೇಳ್ತೇನೆ. ಲಂಡನಿನ ಕಿನ್ನಿಯರ್ ವಿಲ್ಸನ್ ಎಂಬ ಡಾಕ್ಟರು ನನಗೆ ಆದ ಈ ತೊಂದರೆಗೆ ಸ್ಲೀಪ್ ಪ್ಯಾರಾಲಿಸಿಸ್ ಅಂತ ಹೆಸರಿಟ್ಟದ್ದು 1928ರಲ್ಲಂತೆ. ಅದಾಗಿ 50 ವರ್ಷ ಕಳೆದ ಮೇಲೆ ನನ್ನ ಅಂಗೈಗೆ ಬೆತ್ತ ಬಿದ್ದದ್ದು. ಹೇಗೆ ಮರೆಯುವುದು ಹೇಳು? ಒಬ್ಬರಾದ್ರೂ ಬಂದು "ನಿನಗೆ ಅನ್ಯಾಯ ಆಯ್ತು" ಅಂತ ಹೇಳಿದ್ದಿಲ್ಲ. ಆ ತೆಂಕು ಕೋಣೆಯಲ್ಲಿ ನಾನು ಈಗಲೂ ಮಲಗುವುದು, ಒಳ್ಳೆ ಗಾಳಿ ಬರ್ತದೆ, ನಿಮ್ಮ ಮಕ್ಕಳು ರಜೆಯಲ್ಲಿ ಬಂದ್ರೆ ಮಾತ್ರ ಕೆಳಗೆ ಚಾಪೆ ಹಾಕ್ತಾರೆ.

ಅಯ್ಯೋ, ಮಾಣಿಗೆ ಏನು ಮಾಡ್ಬೇಕು ಅಂತ ಹೇಳ್ಲೇ ಇಲ್ಲ ನಾನು. ಮೊಮ್ಮಗಳು ಇಲ್ಲಿ ಕೈ ಸನ್ನೆ ಮಾಡ್ತಾ ಇದ್ದಾಳೆ.

ಅವನಿಗೆ ಈಗ ಪರೀಕ್ಷೆ ಅಲ್ವಾ. ರಾತ್ರಿ ಎರಡು ಗಂಟೆವರೆಗೆ ಓದಿ, ಆಮೇಲೆ ಮೊಬೈಲು ನೋಡಿ, ಹಗಲು ಮಲಗುವುದು ಇರ್ಬೇಕು. ಅದನ್ನು ನಿಲ್ಲಿಸ್ಲಿಕ್ಕೆ ಹೇಳು. ದಿನಾ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳ್ಲಿ, ಏಳು ಗಂಟೆಯಾದ್ರೂ ನಿದ್ದೆ ಆಗ್ಬೇಕು. ಸಂಜೆ ಮೇಲೆ ಚಾ ಕಾಫಿ ಬೇಡ. ಅಂಗಾತ ಮಲಗ್ಬಾರ್ದು, ಬದಿಗೆ ತಿರುಗಿ ಮಲಗ್ಲಿ, ಬೆನ್ನ ಹಿಂದೆ ಒಂದು ತಲೆದಿಂಬು ಒತ್ತಿ ಇಟ್ಕೊಂಡ್ರೆ ಹೊರಳುವುದಿಲ್ಲ. ಬಂದಾಗ ಗುದ್ದಾಡಬಾರ್ದು. ಏಳ್ಲಿಕ್ಕೆ ಒದ್ದಾಡಿದಷ್ಟೂ ಹೆದರಿಕೆ ಹೆಚ್ಚು. ಕಿರುಬೆರಳೋ ಕಾಲಿನ ಹೆಬ್ಬೆರಳೋ ಒಂದನ್ನೇ ಮೆಲ್ಲ ಅಲ್ಲಾಡಿಸ್ಲಿಕ್ಕೆ ನೋಡ್ಲಿ, ಕಣ್ಣುಗುಡ್ಡೆ ಆಚೀಚೆ ತಿರುಗಿಸ್ಲಿ, ಉಸಿರನ್ನು ಅದರ ಪಾಡಿಗೆ ಬಿಡ್ಲಿ. ಕೆಲವು ಸೆಕೆಂಡು, ಹೆಚ್ಚೆಂದ್ರೆ ಕೆಲವು ನಿಮಿಷ, ತನ್ನಷ್ಟಕ್ಕೆ ಬಿಡ್ತದೆ. ರೂಮಿನ ಗೆಳೆಯನಿಗೆ ಹೇಳಿ ಇಡ್ಲಿ, ಗೊರಗೊರ ಶಬ್ದ ಕೇಳಿದ್ರೆ ಹೆಸರು ಕರೆದು ಭುಜ ಮುಟ್ಟಿದ್ರೆ ಸಾಕು.

ಡಾಕ್ಟರಿಗೆ ತೋರಿಸುವುದು ಯಾವಾಗ ಅಂದ್ರೆ, ಇಷ್ಟು ಮಾಡಿಯೂ ಮತ್ತೆ ಮತ್ತೆ ಬಂದ್ರೆ, ಅಥವಾ ಹಗಲು ಕೂತಲ್ಲೇ ತಡೆಯಲಾಗದ ನಿದ್ದೆ ಬಂದ್ರೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿದ್ರೆ, ಗೊರಕೆ ಮಧ್ಯೆ ಉಸಿರು ಕಟ್ಟಿದ್ರೆ. ಆವಾಗ ತಡ ಮಾಡದೆ ನರರೋಗದ ಡಾಕ್ಟರು. ಮಾಣಿ ಮಂಗಳೂರಿನಲ್ಲೇ ಇದ್ದಾನೆ, ನಮ್ಮ ಹಾಗೆ ಕೇರಳದ ಬದಿಯಿಂದ ತಲಪಾಡಿ ಗಡಿ ದಾಟುವ ತಾಪತ್ರಯ ಇಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಗಡಿ ಮುಚ್ಚಿದಾಗ ಈಚೆ ಬದಿಯ ರೋಗಿಗಳು ಪಟ್ಟ ಪಾಡು ನೆನೆಸಿದ್ರೆ... ಅದು ಬೇಡ ಈಗ.

ಮುಳ್ಳೇರಿಯದ ಅತ್ತಿಗೇ, ನೀವು ಬೇಜಾರು ಮಾಡ್ಬೇಡಿ, ಆ ಮಂತ್ರವಾದಿಗೆ ಫೋನ್ ಮಾಡಿ ಆಗಿದ್ರೆ ಬರುವುದಿಲ್ಲ ಅಂತ ಹೇಳಿಬಿಡಿ. ಕೂಸೇ, ಮಾಣಿಯ ನಂಬರನ್ನು ಮೊಮ್ಮಗಳಿಗೆ ಕಳಿಸು. ಇವತ್ತು ರಾತ್ರಿ ಊಟ ಆದ ಮೇಲೆ ನಾನೇ ಅವನ ಹತ್ತಿರ ಮಾತಾಡ್ತೇನೆ, ನನಗೂ ಹೀಗೇ ಆಗ್ತಿತ್ತು ಅಂತ ಹೇಳ್ತೇನೆ. ಇಡ್ತೇನೆ ಈಗ.