ಮಳೆಗಾಲದಲ್ಲಿ ಕಾರಿನೊಳಗೆ ಮುಗ್ಗಲು ವಾಸನೆ, ಎಡಗಡೆ ಕಾರ್ಪೆಟ್ ಒದ್ದೆ: ಎಲ್ಲಿಂದ ಶುರು ಮಾಡಬೇಕು?

ಮಲ್ಪೆತೀರ

ಕಾರು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡುವುದು ಉಡುಪಿಯಲ್ಲಿ, ರಾತ್ರಿ ನಿಲ್ಲುವುದು ಬಯಲಲ್ಲಿ. ಮಳೆ ಹಿಡಿದಾಗಿನಿಂದ ಬಾಗಿಲು ತೆಗೆದರೆ ಸಾಕು, ಮುಗ್ಗಲು ವಾಸನೆ. ಏಸಿ ಹಾಕಿದ ಮೊದಲ ಅರ್ಧ ನಿಮಿಷ ಇನ್ನೂ ಜೋರು, ಆಮೇಲೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಬೆಳಿಗ್ಗೆ ಗಾಜಿನ ಒಳಮೈ ಮಂಜು ಕಟ್ಟಿರುತ್ತದೆ. ಮುಂದಿನ ಎಡಸೀಟಿನ ಕಾಲಡಿ ಕಾರ್ಪೆಟ್ ಒತ್ತಿದರೆ ಕೈಗೆ ನೀರು. ವರ್ಕ್‌ಶಾಪ್‌ನಲ್ಲಿ ಏಸಿಗೆ ಕೊಳೆ ತೆಗೆಯುವ ಫೋಮ್ ಹೊಡೆದುಕೊಟ್ಟರು, ಸ್ವಲ್ಪ ದಿನಕ್ಕೇ ವಾಸನೆ ವಾಪಸ್. ಸನ್‌ರೂಫ್ ಇಲ್ಲ. ಸದ್ಯಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಪರ್ಫ್ಯೂಮ್ ಇಟ್ಟಿದ್ದೇನೆ.

ಸ್ಪ್ಯಾನರ್_ಹತ್ತು

ಮೊದಲು ಆ ಪರ್ಫ್ಯೂಮ್ ತೆಗೆಯಿರಿ. ಅದಿದ್ದರೆ ವಾಸನೆಯ ಜಾಡು ಮೂಗಿಗೆ ಸಿಗುವುದೇ ಇಲ್ಲ. ಮುಗ್ಗಲು ಅಂದರೆ ಎಲ್ಲೋ ನೀರು ನಿಂತಿದೆ. ಅದು ಯಾವ ನೀರು ಅಂತ ಗೊತ್ತಾಗುವವರೆಗೆ ಫೋಮ್, ಶಾಂಪೂ, ಡೀಟೇಲಿಂಗ್ ಯಾವುದಕ್ಕೂ ದುಡ್ಡು ಹಾಕಬೇಡಿ.

ಎಡಗಡೆ ಕಾಲಡಿಗೆ ನೀರು ಬರಲು ನಮ್ಮ ಕಾರುಗಳಲ್ಲಿ ಮೂರು ದಾರಿ: ಹೀಟರ್‌ನ ಕೂಲಂಟ್ (ಎಂಜಿನ್ ತಂಪಿಡುವ ದ್ರವ), ಏಸಿ ನೀರು, ಮಳೆ ನೀರು. ಈ ಕ್ರಮದಲ್ಲೇ ನೋಡಿ.

ಬಿಳಿ ಟಿಶ್ಯೂ ಕಾಗದವನ್ನು ಕಾರ್ಪೆಟ್‌ಗೆ ಒತ್ತಿ. ಹಸಿರೋ ಗುಲಾಬಿಯೋ ಬಣ್ಣ ಹತ್ತಿದರೆ, ಬೆರಳಿಗೆ ಜಾರಿದರೆ, ವಾಸನೆಯಲ್ಲಿ ಸಿಹಿ ಇದ್ದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಹಿಂದೆ ಬಿಸಿ ಕೂಲಂಟ್ ಹರಿಯುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಆಗ ಗಾಜಿನ ಮೇಲೆ ಕೂರುವ ಮಂಜಿನಲ್ಲೂ ಜಿಡ್ಡಿರುತ್ತದೆ, ಕೂಲಂಟ್ ಬಾಟಲಿಯ ಮಟ್ಟವೂ ಇಳಿದಿರುತ್ತದೆ.

ಟಿಶ್ಯೂ ಬರೀ ಒದ್ದೆಯಾದರೆ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಏಸಿಯನ್ನು ಫುಲ್ ಕೂಲ್‌ನಲ್ಲಿ 15 ನಿಮಿಷ ಓಡಿಸಿ ಕಾರಿನಡಿ ನೋಡಿ. ಕರಾವಳಿಯ ತೇವಕ್ಕೆ ಅಷ್ಟರಲ್ಲಿ ನೆಲದ ಮೇಲೆ ನೀರು ಹರಡಿರಬೇಕು. ಒಂದೊಂದೇ ಹನಿ ಬೀಳುತ್ತಿದ್ದರೆ ಆ ನೀರನ್ನು ಹೊರಬಿಡುವ ಡ್ರೈನ್ ಪೈಪ್ ಕಟ್ಟಿರಬಹುದು.

ಕೊನೆಗೆ ಮಳೆ ನೀರು. ಮ್ಯಾಟ್ ತೆಗೆದು, ಕಾರ್ಪೆಟ್ ನೀರನ್ನು ಟವೆಲ್‌ನಿಂದ ಹೀರಿ, ಮೇಲೆ ದಿನಪತ್ರಿಕೆಯ ಹಾಳೆ ಹರಡಿ. ಏಸಿ ಮುಟ್ಟದೆ ಎರಡು ದಿನ ಮಳೆಯಲ್ಲಿ ನಿಲ್ಲಿಸಿ. ಹಾಳೆ ಒದ್ದೆಯಾಯಿತೇ ಅನ್ನುವುದಕ್ಕಿಂತ ಯಾವ ಅಂಚಿನಿಂದ ಒದ್ದೆಯಾಯಿತು ಅನ್ನುವುದು ಮುಖ್ಯ.

ಮಲ್ಪೆತೀರ

ಟಿಶ್ಯೂನಲ್ಲಿ ಬಣ್ಣವೂ ಇಲ್ಲ, ಜಿಡ್ಡೂ ಇಲ್ಲ. ಏಸಿ ನೀರು ತೊಟ್ಟು ತೊಟ್ಟಾಗಿ, ತುಂಬಾ ನಿಧಾನಕ್ಕೆ ಬೀಳುತ್ತಿದೆ. ಏಸಿ ಹಾಕದೆ ನಿಲ್ಲಿಸಿದರೂ ಹಾಳೆ ಒದ್ದೆಯಾಗಿದೆ. ಬಾಗಿಲ ಕಡೆಯ ಅಂಚು ತೊಯ್ದು ಕಪ್ಪಾಗಿದೆ, ಗೇರ್ ಕಡೆಯ ಅಂಚು ಒಣಗಿದಂತೇ ಇದೆ.

ಘಟ್ಟದ_ಗೇರ್

ಹಾಗಾದರೆ ತೊಂದರೆ ಒಂದಲ್ಲ, ಎರಡು: ಡ್ರೈನ್ ಅರ್ಧ ಕಟ್ಟಿದೆ, ಬಾಗಿಲ ಕಡೆಯಿಂದ ಮಳೆ ನೀರೂ ಬರುತ್ತಿದೆ. ಫೋಮ್ ಹೊಡೆದರೂ ವಾಸನೆ ಮರಳಿದ್ದು ಇದಕ್ಕೇ.

ಬಾಗಿಲೊಳಗೆ ಮಳೆ ನೀರು ಇಳಿಯುವುದು ಸಹಜ. ಗಾಜಿನ ರಬ್ಬರ್ ದಾಟಿ ಒಳಗೆ ಬಂದು, ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುವಂತೆಯೇ ಅದನ್ನು ಮಾಡಿರುತ್ತಾರೆ. ಆ ನೀರು ಕ್ಯಾಬಿನ್‌ಗೆ ಬಾರದಂತೆ ತಡೆಯುವುದು ಡೋರ್ ಪ್ಯಾಡ್‌ನ (ಬಾಗಿಲ ಒಳಮೈಯ ಹೊದಿಕೆ) ಹಿಂದೆ ಕಪ್ಪು ಬ್ಯುಟೈಲ್ (ಗಟ್ಟಿಯಾಗದೆ ಮೆತ್ತಗಿರುವ ರಬ್ಬರ್) ಅಂಟಿನಿಂದ ಕೂರಿಸಿದ ಪ್ಲಾಸ್ಟಿಕ್ ಹಾಳೆ. ಕಂಪನಿಯದ್ದು ಬಿಟ್ಟು ಹೊರಗಿನ ಸ್ಪೀಕರ್ ಹಾಕಿಸಿದ್ದೀರಾ? ವೈರ್ ಎಳೆಯಲು ಆ ಹಾಳೆಯನ್ನು ಕೊಯ್ದು, ಹಾಗೇ ಬಿಟ್ಟು ಪ್ಯಾಡ್ ಮುಚ್ಚುವುದು ಬಹಳ ಕಡೆ ನಡೆಯುತ್ತದೆ.

ಖಾತ್ರಿಗೆ ಪೈಪ್ ಪರೀಕ್ಷೆ ಮಾಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ನಾಝಲ್ ಹಾಕದ ಪೈಪಿನಿಂದ ನಿಧಾನಕ್ಕೆ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಬಾಗಿಲ ಕೆಳ ಅಂಚು, ಆಮೇಲೆ ಗಾಜಿನ ಬುಡ, ಕೊನೆಗೆ ಛಾವಣಿಯ ಗಟಾರ. ಒಂದೊಂದು ಕಡೆ 4-5 ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಹರಿದು ಏನೂ ತಿಳಿಯುವುದಿಲ್ಲ. ಪ್ರೆಶರ್ ವಾಷರ್ ಬೇಡವೇ ಬೇಡ, ಒಳ್ಳೆಯ ರಬ್ಬರನ್ನೂ ದಾಟಿ ನೀರು ನುಗ್ಗಿಸುತ್ತದೆ.

ಹಾಗೇ ಬಾನೆಟ್ ಎತ್ತಿ ವೈಪರ್ ಬುಡದ ಜಾಲರಿಯನ್ನೂ ನೋಡಿ. ಗುಲ್‌ಮೊಹರ್, ಹುಣಸೆಯ ಸಣ್ಣ ಎಲೆಗಳು ಜಾಲರಿ ದಾಟಿ ಒಳಗೆ ಕೊಳೆತು ಎರಡೂ ಬದಿಯ ಡ್ರೈನ್ ಮುಚ್ಚುತ್ತವೆ. ಆಗ ಮಳೆ ನೀರು ಬ್ಲೋವರ್ (ಗಾಳಿ ಊದುವ ಫ್ಯಾನ್) ಬಾಯಿಯಿಂದಲೇ ಒಳಗಿಳಿಯುತ್ತದೆ. ಒಂದು ಲೀಟರ್ ನೀರು ಸುರಿದರೆ ಅದು ನಿಲ್ಲದೆ ಚಕ್ರದ ಹಿಂದೆ ನೆಲಕ್ಕೆ ಬೀಳಬೇಕು.

ಮಲ್ಪೆತೀರ

ವೈಪರ್ ಬುಡ ಸರಿಯಿದೆ. ಗಾಜಿನ ಬುಡಕ್ಕೆ ನೀರು ಬಿಟ್ಟಾಗ ಡೋರ್ ಪ್ಯಾಡ್‌ನ ಕೆಳಗಿನಿಂದ ಸಣ್ಣ ಎಳೆಯಾಗಿ ನೀರು ಇಳಿದು, ಹೊಸ್ತಿಲ ಪ್ಲಾಸ್ಟಿಕ್ ಸಂದಿಗೆ ಹೋಯಿತು. ಸ್ಪೀಕರ್ ಹೊರಗಿನದೇ. ಪ್ಯಾಡ್ ಬಿಚ್ಚಿದರೆ ಸ್ಪೀಕರ್ ಸುತ್ತ ಹಾಳೆ ಹರಿದಿದೆ, ಕೆಳ ಅಂಚು ಅಂಟು ಬಿಟ್ಟು ಜೋತಾಡುತ್ತಿದೆ. ಬಾಗಿಲ ತಳದ ಎರಡು ತೂತು ಕೆಸರಿನಿಂದ ಮುಚ್ಚಿವೆ. ಸಿಲಿಕಾನ್ ಹಾಕಿ ಅಂಟಿಸಬಹುದೇ?

ಘಟ್ಟದ_ಗೇರ್

ಸಿಲಿಕಾನ್ ಬೇಡ. ಪಾಲಿಥಿನ್‌ಗೆ ಅದು ಹಿಡಿಯುವುದಿಲ್ಲ, ಹುಳಿ ವಾಸನೆಯ ಸಿಲಿಕಾನ್ ಕಬ್ಬಿಣಕ್ಕೆ ತುಕ್ಕನ್ನೂ ತರುತ್ತದೆ. 6ರಿಂದ 8 ಮಿ.ಮೀ. ದಪ್ಪದ ಬ್ಯುಟೈಲ್ ಹಗ್ಗ ತನ್ನಿ. ಹಳೆಯ ಅಂಟನ್ನು ಅದೇ ಅಂಟಿನ ಉಂಡೆಯಿಂದ ಒತ್ತಿ ಒತ್ತಿ ಕಿತ್ತರೆ ಸಲೀಸಾಗಿ ಬರುತ್ತದೆ. ಲೋಹವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಿ, ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಅಂಟಿಸಿ. ಹರಿದ ಹಾಳೆಯ ಬದಲು 200 ಮೈಕ್ರಾನ್ ಪಾಲಿಥಿನ್ ಹಾಳೆಯನ್ನು ಹಳೆಯದರ ಅಳತೆಗೇ ಕತ್ತರಿಸಿಕೊಳ್ಳಿ.

ಹೆಚ್ಚಿನವರು ತಪ್ಪುವುದು ಕೆಳ ಅಂಚಿನಲ್ಲಿ. ಆ ಅಂಚು ಬಾಗಿಲ ಲೋಹದ ಸೀಳಿನೊಳಗೆ ಇಳಿದಿರಬೇಕು, ಹಾಳೆಯ ಮೇಲೆ ಹರಿದ ನೀರು ಮತ್ತೆ ಬಾಗಿಲೊಳಗೇ ಬೀಳಬೇಕು. ಹೊರಗೆ ಬಿಟ್ಟರೆ ಎಷ್ಟೇ ಚೆನ್ನಾಗಿ ಅಂಟಿಸಿದರೂ ಆ ನೀರು ನೇರ ಕಾರ್ಪೆಟ್‌ಗೆ. ಪ್ಯಾಡ್ ಮುಚ್ಚುವ ಮುಂಚೆ ಗಾಜಿನ ಬುಡಕ್ಕೆ ಇನ್ನೊಮ್ಮೆ ನೀರು ಬಿಟ್ಟು ನೋಡಿ.

ಏಸಿ_ಮೇಷ್ಟ್ರು

ಡ್ರೈನ್ ಪೈಪಿನ ತುದಿ ಕಾರಿನಡಿ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಎಡಭಾಗದಲ್ಲಿ ಕಾಣುತ್ತದೆ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಆಕ್ಸಲ್ ಸ್ಟ್ಯಾಂಡ್ ಕೊಡಿ. ವೆಟ್ ವ್ಯಾಕ್ಯೂಮ್ (ನೀರನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್) ಬಾಯಿಯನ್ನು ಪೈಪಿಗೆ ಬಿಗಿಯಾಗಿ ಹಿಡಿದು ಎಳೆಯಿರಿ. ಮೊದಲು ಕಂದು ಬಣ್ಣದ ಲೋಳೆ ಬರುತ್ತದೆ, ಹಿಂದೆಯೇ ತಡೆದು ನಿಂತ ನೀರು ಒಮ್ಮೆಲೇ ಇಳಿಯುತ್ತದೆ. ಬಾರದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು 10 ಸೆಂ.ಮೀ.ನಷ್ಟು ಮಾತ್ರ ಮೆಲ್ಲಗೆ ತೂರಿಸಿ. ಕಬ್ಬಿಣದ ತಂತಿ ಇವಾಪರೇಟರ್ (ಏಸಿಯಲ್ಲಿ ಗಾಳಿ ತಂಪಾಗಿಸುವ ಭಾಗ) ತಾಗಿದರೆ ಅದು ತೂತಾಗಬಹುದು. ಕೆಳಗಿನಿಂದ ಕಂಪ್ರೆಸರ್ ಗಾಳಿ ಹೊಡೆದರೆ ಲೋಳೆಯೆಲ್ಲ ಮೇಲಕ್ಕೆ ಚಿಮ್ಮುತ್ತದೆ.

ಡ್ರೈನ್ ಬಿಟ್ಟ ಮೇಲೆಯೇ ಫೋಮ್. ಎಂಜಿನ್ ಆಫ್ ಇರಲಿ, ಕ್ಯಾಬಿನ್ ಫಿಲ್ಟರ್ ಹೊರಗಿರಲಿ. ಕಾರಿನ ಇವಾಪರೇಟರ್‌ಗೆಂದೇ ಮಾಡಿದ ಫೋಮನ್ನು ಡ್ರೈನ್ ಪೈಪಿನಿಂದ ಅಥವಾ ಬ್ಲೋವರ್ ರೆಸಿಸ್ಟರ್ (ಫ್ಯಾನಿನ ವೇಗ ಬದಲಿಸುವ ಭಾಗ) ಬಿಚ್ಚಿದ ತೂತಿನಿಂದ ಒಳಗೆ ಬಿಡಿ. ಕೆಲವು ಕಾರುಗಳಲ್ಲಿ ಫಿಲ್ಟರ್ ಜಾಗದ ಕೆಳಗೇ ಬ್ಲೋವರ್ ಮೋಟಾರ್ ಇರುವುದರಿಂದ ಅಲ್ಲಿಂದ ಹೊಡೆಯುವುದು ಕ್ಷೇಮವಲ್ಲ. 20 ನಿಮಿಷ ಬಿಟ್ಟು, ಕಿಟಕಿ ತೆರೆದು, ಏಸಿ ಇಲ್ಲದೆ ಬ್ಲೋವರನ್ನು 10 ನಿಮಿಷ ಓಡಿಸಿ. ಮನೆ ಏಸಿಯ ಕಟುವಾದ ಕೆಮಿಕಲ್ ಆಗಲಿ ವಿನೆಗರ್ ಆಗಲಿ ಇಲ್ಲಿಗೆ ತರಬೇಡಿ, ಇವಾಪರೇಟರಿನ ತೆಳು ಅಲ್ಯೂಮಿನಿಯಂ ಫಿನ್ (ರೆಕ್ಕೆ) ತಿನ್ನುತ್ತವೆ.

ಹಳೆಯ ಫಿಲ್ಟರ್ ಒಗೆದು ಹಾಕುವುದು ವ್ಯರ್ಥ, ಹೊಸದೇ ಹಾಕಿ. ಅಂಚಿನ ಬಾಣ ಗಾಳಿ ಹರಿಯುವ ದಿಕ್ಕಿಗೇ ಇರಲಿ.

ಸ್ಪ್ಯಾನರ್_ಹತ್ತು

ಉಳಿದದ್ದು ಕಾರ್ಪೆಟ್. ಎಲ್ಲಕ್ಕಿಂತ ತಾಳ್ಮೆ ಬೇಕಾದ ಕೆಲಸ ಇದೇ. ಮೇಲ್ಮೈ ಒಣಗಿದಂತೆ ಕಂಡರೂ ಅಡಿಯ ದಪ್ಪ ಫೆಲ್ಟ್ (ನಾರು ಒತ್ತಿ ಮಾಡಿದ ಪದರ) ಲೀಟರ್‌ಗಟ್ಟಲೆ ನೀರು ಹಿಡಿದಿಟ್ಟಿರುತ್ತದೆ, ಬೂಸ್ಟು ಬೆಳೆಯುವುದೂ ಅಲ್ಲೇ.

ಎಡಸೀಟು ತೆಗೆಯಬೇಕು. ಇಗ್ನಿಶನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ 10 ನಿಮಿಷ ಕಾದು ಆಮೇಲೆ ಸೀಟಿನಡಿಯ ಕನೆಕ್ಟರ್‌ಗಳಿಗೆ ಕೈ ಹಾಕಿ. ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್‌ನದು. ಅದು ಬಿಚ್ಚಿರುವಾಗ ಇಗ್ನಿಶನ್ ಆನ್ ಮಾಡಿದರೆ ಎಚ್ಚರಿಕೆ ದೀಪ ಹತ್ತಿ, ಆರಿಸಲು ಸ್ಕ್ಯಾನರ್ ಬೇಕಾಗಬಹುದು. ಹೊಸ್ತಿಲ ಪ್ಲಾಸ್ಟಿಕ್ ಕಿತ್ತು, ಕಾರ್ಪೆಟ್ ಮಡಚಿ, ಅಡಿಗೆ ಮರದ ತುಂಡು ಕೊಡಿ. ಫೆಲ್ಟ್ ಬಿಡಿಯಾಗಿದ್ದರೆ ಹೊರಗೆ ತೆಗೆದು ಫ್ಯಾನ್ ಕೆಳಗೆ ಒಣಹಾಕಿ. ಅಂಟಿದ್ದರೆ ವೆಟ್ ವ್ಯಾಕ್ಯೂಮ್‌ನಲ್ಲಿ ನೀರೆಳೆದು, ಸಂದಿಗೆ ಟೇಬಲ್ ಫ್ಯಾನ್ ಇಡಿ. ಜುಲೈಯ ಗಾಳಿಯಲ್ಲೇ ತೇವ ತುಂಬಿರುವಾಗ ಬರೀ ಫ್ಯಾನ್ ನಿಧಾನ. ಮನೆಬಳಕೆಯ ಡೀಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಸಿಕ್ಕರೆ ಕಿಟಕಿ ಮುಚ್ಚಿ ಒಳಗಿಟ್ಟು, ಅದರ ತೊಟ್ಟಿಗೆ ನೀರು ಬರುವುದು ನಿಲ್ಲುವವರೆಗೂ ಓಡಿಸಿ.

ಬೂಸ್ಟಿನ ಕಲೆಗೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಬ್ಲೀಚ್ ಬೇಡ, ಬಣ್ಣ ಕೆಡಿಸುತ್ತದೆ. ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಕಾರಿನೊಳಗೆ ಅದು ನಿಜಕ್ಕೂ ಅಪಾಯ. ಅಡುಗೆ ಸೋಡಾ ಉದುರಿಸುವುದಾದರೆ ಪೂರ್ತಿ ಒಣಗಿದ ಮೇಲೆ ಮಾತ್ರ. ಫೆಲ್ಟ್ ಹೊರಗಿರುವಾಗಲೇ ನೆಲದ ತಗಡಿನ ಬೆಸುಗೆಗಳಲ್ಲಿ ತುಕ್ಕು ಬಂದಿದೆಯೇ ನೋಡಿಬಿಡಿ.

ಮಲ್ಪೆತೀರ

ವಾಸನೆ ಹೋಗಲು ಓಝೋನ್ ಅನಿಲ ಬಿಡುವ ಮಷಿನ್ ಇಟ್ಟುಕೊಡುತ್ತೇವೆ ಅನ್ನುತ್ತಾರೆ. ಮಾಡಿಸಬಹುದೇ?

ಏಸಿ_ಮೇಷ್ಟ್ರು

ಈಗ ಬೇಡ. ಒದ್ದೆ ಫೆಲ್ಟ್ ಹಾಗೇ ಇದ್ದರೆ ಓಝೋನ್‌ನ ಪರಿಣಾಮ ಉಳಿಯುವುದಿಲ್ಲ. ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರ್ ಬೀಡಿಂಗ್ ಬಿರುಕು ಬಿಡಿಸುತ್ತದೆ. ಅದರ ಬದಲು ಮನೆ ತಲುಪುವ 5 ನಿಮಿಷ ಮುಂಚೆ ಏಸಿ ಬಟನ್ ಆಫ್ ಮಾಡಿ, ಹೊರಗಿನ ಗಾಳಿಗೆ ತಿರುಗಿಸಿ, ಬ್ಲೋವರ್ ಮೂರಕ್ಕೆ ಇಡಿ. ಇವಾಪರೇಟರ್ ಒಣಗಿ ನಿಂತರೆ ಲೋಳೆ ಕಟ್ಟುವುದು ಕಡಿಮೆ.

ಮಲ್ಪೆತೀರ

ಹಾಳೆ, ಡ್ರೈನ್, ಫೋಮ್, ಫಿಲ್ಟರ್ ಎಲ್ಲಾ ಆಯಿತು. ಫೆಲ್ಟ್ ಗರಿಗರಿಯಾಗಿ ಒಣಗಿದೆ, ಗಾಜು ಮಂಜು ಕಟ್ಟುತ್ತಿಲ್ಲ, ಏಸಿ ಗಾಳಿಯೂ ಚೊಕ್ಕ. ಆದರೆ ಸೀಟಿನಲ್ಲಿ ಕೂತಾಗ ಭುಜದ ಹತ್ತಿರ ಈಗಲೂ ತೆಳುವಾಗಿ ಮುಗ್ಗಲು ಬರುತ್ತದೆ.

ಘಟ್ಟದ_ಗೇರ್

ಸೀಟ್‌ಬೆಲ್ಟ್. ಇಷ್ಟು ದಿನದ ತೇವವನ್ನು ಅದೂ ಕುಡಿದು ಸುರುಳಿಯೊಳಗೆ ಕೂತಿದೆ. ಬೆಲ್ಟ್ ಪೂರ್ತಿ ಹೊರಗೆಳೆದು, ಮೇಲ್ಗಡೆ ಕ್ಲಿಪ್ ಹಾಕಿ ಹಿಡಿಸಿ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಬೆರೆಸಿ, ಮೆತ್ತನೆ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಉಜ್ಜಿ, ಒದ್ದೆ ಬಟ್ಟೆಯಿಂದ ಸೋಪು ತೆಗೆಯಿರಿ. ಬೆಲ್ಟ್‌ಗೆ ಬ್ಲೀಚ್, ಬಣ್ಣ, ಆಲ್ಕೋಹಾಲ್ ಯಾವುದೂ ತಾಗಬಾರದು, ನೂಲಿನ ಬಲ ಕುಗ್ಗಬಹುದು. ಸುರುಳಿಯ ಯಂತ್ರಕ್ಕೆ ನೀರು ಇಳಿಯದಂತೆ ಬುಡದಲ್ಲಿ ಬಟ್ಟೆ ಸುತ್ತಿಡಿ. ರಾತ್ರಿಯಿಡೀ ಒಣಗಿದ ಮೇಲೆಯೇ ಕ್ಲಿಪ್ ಬಿಚ್ಚಿ ಒಳಗೆ ಬಿಡಿ.